ಶಿವಪುರ ಧ್ವಜ ಸತ್ಯಾಗ್ರಹ ಮತ್ತು ಗಡಿಯಾಚೆಯ ಬೆಂಬಲ

ಮಂಡ್ಯ ಜಿಲ್ಲೆಯ ಮದ್ದೂರಿಗೆ ಹೊಂದಿಕೊಂಡಿರುವ ಶಿವಪುರದಲ್ಲಿ 1938ರ ಏಪ್ರಿಲ್ ಎರಡನೇ ವಾರ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಿತು. ನಿಷೇಧಾಜ್ಞೆ ಮುರಿದು ಅಲ್ಲಿ ತ್ರಿವರ್ಣ ಧ್ವಜ ಏರಿಸಿದ್ದು ಶಿವಪುರ ಧ್ವಜ ಸತ್ಯಾಗ್ರಹವೆಂದು ಹೆಸರಾಗಿದೆ. ಧ್ವಜ ಏರಿದ ಕಥೆ ಎಲ್ಲರಿಗೂ ಗೊತ್ತು. ಸಂಸ್ಥಾನದೊಳಗಿನ ಹೋರಾಟಗಾರರಿಗೆ ಸಂಸ್ಥಾನದ ಹೊರಗಿನಿಂದ ರಕ್ಷಣೆ ಸಿಕ್ಕ ಬಗೆ ಅಷ್ಟು ಪ್ರಚಾರ ಪಡೆದಿಲ್ಲ.

ಮೈಸೂರು ಸುಧಾರಣೆಗಳಿಗೆ ಹೆಸರಾದ ಸಂಸ್ಥಾನ. ಪ್ರಜಾಪ್ರತಿನಿಧಿ ಸಭೆ, ನ್ಯಾಯ ವಿಧಾಯಕ ಸಭೆ ಎರಡೂ ಇದ್ದವು. ಆದರೆ ಮಂತ್ರಿಗಳು ಜನರಿಗೆ ಉತ್ತರ ಕೊಡಬೇಕಾಗಿರಲಿಲ್ಲ. ಭಾಷಣ, ಮೆರವಣಿಗೆ, ಪತ್ರಿಕೆಗಳ ಮೇಲೆ ನಿರ್ಬಂಧ ಬೀಳಲು ಅಧಿಕಾರಿಯ ಒಂದು ಆಜ್ಞೆ ಸಾಕಿತ್ತು. 1937ರಲ್ಲಿ ಸಂಸ್ಥಾನದ ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ವಿಲೀನವಾದ ಮೇಲೆ ಬಿಗಿ ಇನ್ನೂ ಹೆಚ್ಚಿತು. ಆ ಅಕ್ಟೋಬರಿನಲ್ಲಿ ಬೊಂಬಾಯಿಯ ನಾಯಕ ಕೆ. ಎಫ್. ನಾರಿಮನ್ ಬೆಂಗಳೂರಿಗೆ ಬಂದಾಗ ಅವರನ್ನೂ ಬಂಧಿಸಲಾಯಿತು.

ಅದೇ ತಿಂಗಳ ಕೊನೆಗೆ ಕಲ್ಕತ್ತೆಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಮೈಸೂರಿನ ದಮನವನ್ನು ಖಂಡಿಸಿ, ಅಲ್ಲಿನ ಜನರಿಗೆ ಬೆಂಬಲ ಕೊಡುವಂತೆ ದೇಶಕ್ಕೆ ಕರೆ ನೀಡಿತು. ಗಾಂಧೀಜಿಗೆ ಇದು ಹಿಡಿಸಲಿಲ್ಲ. ಸಂಸ್ಥಾನಗಳ ಆಡಳಿತದಲ್ಲಿ ಕಾಂಗ್ರೆಸ್ ಕೈಹಾಕಬಾರದೆಂಬ ನೀತಿಗೆ ಇದು ವಿರುದ್ಧವೆಂದು ಅವರು ಬರೆದರು. 1938ರ ಫೆಬ್ರವರಿಯ ಹರಿಪುರ ಅಧಿವೇಶನದಲ್ಲಿ ಒಂದು ಮಧ್ಯದ ದಾರಿ ಸಿಕ್ಕಿತು: ಸಂಸ್ಥಾನಗಳ ಚಳವಳಿ ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಯಕೂಡದು, ಕಾಂಗ್ರೆಸ್ಸಿಗರು ವೈಯಕ್ತಿಕವಾಗಿ ನೆರವಾಗಬಹುದು. ಹೋರಾಟದ ಕಣದಲ್ಲಿದ್ದವರಿಗೆ ಇದು ಕೈ ತೊಳೆದುಕೊಳ್ಳುವ ಮಾತಿನಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಎರಡೇ ತಿಂಗಳಲ್ಲಿ ಶಿವಪುರ ಬಂತು. ಟಿ. ಸಿದ್ಧಲಿಂಗಯ್ಯ ಅಧ್ಯಕ್ಷರು. ಎಚ್. ಕೆ. ವೀರಣ್ಣಗೌಡ ಮೊದಲಾದವರು ಮಂಡ್ಯ ಸೀಮೆಯ ಹಳ್ಳಿಗಳಿಂದ ಜನ ಕೂಡಿಸಿದ್ದರು. ಧ್ವಜ ಏರಿಸಕೂಡದೆಂಬ ಆಜ್ಞೆ ಜಾರಿಯಲ್ಲಿದ್ದರೂ ಸಾವಿರಾರು ರೈತರ ಎದುರಿನಲ್ಲೇ ಬಾವುಟ ಏರಿತು, ಮುಖಂಡರು ಬಂಧನಕ್ಕೊಳಗಾದರು. ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿ ಕಡಿಮೆ, ಜನರ ಲೆಕ್ಕದಲ್ಲಿ ಅದಕ್ಕಿಂತ ಬಹಳ ಹೆಚ್ಚು. ತನಿಖೆಗೆ ಬಂದವರು ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ.

ಹಿಂದೆ ಸರಿದು ನಿಂತಿದ್ದ ಕಾಂಗ್ರೆಸ್ ಆಗ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರನ್ನು ಬೆಂಗಳೂರಿಗೆ ಕಳಿಸಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮೇ ತಿಂಗಳಲ್ಲಿ ಆದ ಒಡಂಬಡಿಕೆಯೇ ಮಿರ್ಜಾ–ಪಟೇಲ್ ಒಪ್ಪಂದ. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ, ರಾಜಕೀಯ ಕೈದಿಗಳ ಬಿಡುಗಡೆ ಅದರ ಮುಖ್ಯ ಅಂಶಗಳು. ಧ್ವಜದ ವಿಚಾರದಲ್ಲಿ ಪರಿಹಾರ ಜಾಣತನದ್ದು: ವಿಶೇಷ ಸಮಾರಂಭಗಳಲ್ಲಿ ಮೈಸೂರಿನ ಬಾವುಟದ ಜೊತೆಗೇ ಕಾಂಗ್ರೆಸ್ ಬಾವುಟವೂ ಹಾರಬಹುದು, ಪಕ್ಷದ ಸಭೆಯಲ್ಲಾದರೆ ಅದೊಂದೇ ಸಾಕು. ಶಿವಪುರದಲ್ಲಿ ಅಪರಾಧವಾಗಿದ್ದದ್ದು ಸುಮಾರು ಒಂದು ತಿಂಗಳಲ್ಲಿ ನಿಯಮವಾಯಿತು. ಸ್ಥಳೀಯ ಮುಖಂಡರ ಮಾತನ್ನು ಕೇಳದ ಸರ್ಕಾರ, ಅಕ್ಕಪಕ್ಕದ ಮದ್ರಾಸ್, ಬೊಂಬಾಯಿ ಪ್ರಾಂತ್ಯಗಳಲ್ಲಿ ಅಧಿಕಾರ ಹಿಡಿದಿದ್ದ ಪಕ್ಷದ ಪ್ರತಿನಿಧಿಯನ್ನು ಹಾಗೆ ಕಡೆಗಣಿಸುವಂತಿರಲಿಲ್ಲ. ರಕ್ಷಣೆ ಶಾಶ್ವತವೇನೂ ಆಗಲಿಲ್ಲ. 1939ರಲ್ಲಿ ಮತ್ತೆ ಸತ್ಯಾಗ್ರಹ, ಮತ್ತೆ ಬಂಧನ. ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪನವರ ವಕೀಲಿ ಸನ್ನದೇ ಹೋಯಿತು.

ಗಡಿ ಇನ್ನೊಂದು ರೀತಿಯಲ್ಲೂ ಕೆಲಸಕ್ಕೆ ಬಂತು. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ‘ಮೈಸೂರು ಚಲೋ’ ಚಳವಳಿಯ ಸಮಯದಲ್ಲಿ ಎಚ್. ಎಸ್. ದೊರೆಸ್ವಾಮಿಯವರ ‘ಪೌರವಾಣಿ’ಗೆ ಸಂಸ್ಥಾನದಲ್ಲಿ ತಡೆ ಬಿದ್ದಾಗ ಪತ್ರಿಕೆ ಮದ್ರಾಸ್ ಪ್ರಾಂತ್ಯದ ಹಿಂದೂಪುರದಿಂದ ಹೊರಬಂತು. ಹೈದರಾಬಾದ್ ಸಂಸ್ಥಾನದ ಕನ್ನಡಿಗರ ಪಾಡು ಇದಕ್ಕಿಂತ ಕಠಿಣ. ನಿಜಾಮನ ಪರವಾದ ಖಾಸಗಿ ಪಡೆ ರಜಾಕಾರರಿಂದ ತಪ್ಪಿಸಿಕೊಂಡ ಕಾರ್ಯಕರ್ತರು 1947–48ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದ ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳಲ್ಲಿ ನೆಲೆ ಕಂಡುಕೊಂಡರು. ಮುಂಡರಗಿ ಶಿಬಿರದ ನೇತೃತ್ವ ಅಳವಂಡಿ ಶಿವಮೂರ್ತಿಸ್ವಾಮಿಗಳದು. ಭಾಷೆ, ನೆಂಟಸ್ತನ ಗಡಿಯ ಎರಡೂ ಬದಿ ಒಂದೇ ಆಗಿದ್ದರಿಂದ ಊಟ, ಆಸರೆ, ಸುದ್ದಿ ಒದಗಿದವು.

ಅಂದಿನ ಈ ವ್ಯವಸ್ಥೆಗೆ ಯಾವ ಕಾನೂನಿನ ಆಧಾರವೂ ಇರಲಿಲ್ಲ. ಮಾನವ ಹಕ್ಕು ರಕ್ಷಕರ ಕುರಿತ ವಿಶ್ವಸಂಸ್ಥೆಯ ಘೋಷಣೆ ಬಂದದ್ದು 1998ರ ಡಿಸೆಂಬರ್ 9ರಂದು. ಆಫ್ರಿಕಾದ ಮಾನವ ಹಕ್ಕು ಆಯೋಗ 2004ರಲ್ಲಿ ಇಂಥವರಿಗಾಗಿ ವಿಶೇಷ ವರದಿಗಾರರನ್ನು ನೇಮಿಸಿತು. ಲ್ಯಾಟಿನ್ ಅಮೆರಿಕದ ಎಸ್ಕಾಸೂ ಒಪ್ಪಂದ 2021ರಿಂದ ಪರಿಸರ ಹೋರಾಟಗಾರರ ರಕ್ಷಣೆಯನ್ನು ಸರ್ಕಾರಗಳ ಹೊಣೆಯಾಗಿಸಿದೆ. ದಕ್ಷಿಣ ಏಷ್ಯಾದಲ್ಲಿ ಅಂಥ ಪ್ರಾದೇಶಿಕ ಆಯೋಗವಾಗಲಿ ನ್ಯಾಯಾಲಯವಾಗಲಿ ಇಲ್ಲ. ದ್ವಿಪಕ್ಷೀಯ ಮತ್ತು ವಿವಾದಾತ್ಮಕ ವಿಷಯಗಳನ್ನು ಸಾರ್ಕ್ ಸನ್ನದು ಚರ್ಚೆಯಿಂದಲೇ ಹೊರಗಿಟ್ಟಿದೆ.

ಶಿವಪುರದಲ್ಲಿ ಈಗ ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಮಗ್ಗುಲಲ್ಲಿ ಸತ್ಯಾಗ್ರಹ ಸೌಧವಿದೆ.