ಕೆಟ್ ಕಿತ್ತ ಬೇಲಿ

1549ರ ಜುಲೈ. ಪೂರ್ವ ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ವಿಂಡಮ್ ಎಂಬ ಊರಿನಲ್ಲಿ ಹಬ್ಬಕ್ಕೆ ಸೇರಿದ್ದ ಜನ ಸುತ್ತಲಿನ ಜಮೀನ್ದಾರರ ಬೇಲಿಗಳನ್ನು ಕೀಳತೊಡಗಿದರು. ಊರವರೆಲ್ಲ ದನ ಮೇಯಿಸುತ್ತಿದ್ದ ಗೋಮಾಳಕ್ಕೆ ಉಳ್ಳವರು ಬೇಲಿ ಹಾಕಿಕೊಳ್ಳುತ್ತಿದ್ದ ಕಾಲವದು. ಬೇಲಿಯಿಲ್ಲದ ಕಡೆಯೂ ಅವರ ದೊಡ್ಡ ಕುರಿಹಿಂಡುಗಳು ನುಗ್ಗಿ ಹುಲ್ಲನ್ನು ಬರಿದು ಮಾಡುತ್ತಿದ್ದವು.

ವಕೀಲ ಜಾನ್ ಫ್ಲವರ್‌ಡ್ಯೂನ ಬೇಲಿಗೂ ಗುಂಪು ಕೈಹಾಕಿತು. ಅವನು ಅವರ ಕೈಗೆ ಹಣ ತುರುಕಿ, ರಾಬರ್ಟ್ ಕೆಟ್‌ನ ಬೇಲಿ ಕೀಳಿರೆಂದು ಅತ್ತ ಅಟ್ಟಿದ. ಇಬ್ಬರ ನಡುವೆ ಹಳೆಯ ಜಿದ್ದಿತ್ತು. ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ವಿಂಡಮ್‌ನವರು ತಮ್ಮ ಮಠದ ಚರ್ಚನ್ನು ಉಳಿಸಿಕೊಳ್ಳಲು ದುಡ್ಡು ತೆತ್ತಿದ್ದರು. ಆದರೂ ಫ್ಲವರ್‌ಡ್ಯೂ ಅದರ ಸೀಸ, ಕಲ್ಲುಗಳನ್ನು ಕಿತ್ತು ಸಾಗಿಸಿದ್ದ. ಅವನಿಗೆ ಅಡ್ಡ ನಿಂತವರಲ್ಲಿ ಕೆಟ್ ಮುಖ್ಯನಾಗಿದ್ದ.

ಕೆಟ್ ಬಡವನಲ್ಲ. ಚರ್ಮ ಹದಮಾಡುವ ಉದ್ಯಮವಿತ್ತು, ಜಮೀನಿತ್ತು, ಅವನೂ ಬೇಲಿ ಹಾಕಿದವನೇ. ಆದರೆ ಬಂದವರ ಮಾತು ಕೇಳಿ ಒಪ್ಪಿ, ತನ್ನ ಬೇಲಿಯನ್ನು ಕೀಳಲು ತಾನೇ ಕೈಜೋಡಿಸಿದ. ಅವರ ನಾಯಕನೂ ಆದ. ನೆರೆಯವನ ಹಗೆ ತೀರಿಸಿಕೊಳ್ಳಲು ಫ್ಲವರ್‌ಡ್ಯೂ ಹೂಡಿದ ಆಟ ಬಂಡಾಯಕ್ಕೆ ಮುಂದಾಳುವನ್ನು ಒದಗಿಸಿತು.

ನಾರಿಚ್ ನಗರದ ಹೊರಗೆ ಮೌಸ್‌ಹೋಲ್ಡ್ ಬಯಲಿನಲ್ಲಿ ಸುಮಾರು 16,000 ಜನ ಬೀಡುಬಿಟ್ಟರೆಂದು ಹೇಳುತ್ತಾರೆ. ಅಲ್ಲಿ ಒಂದು ಓಕ್ ಮರದ ಕೆಳಗೆ ಕೆಟ್ ನ್ಯಾಯ ನಡೆಸುತ್ತಿದ್ದ. ಅವರು ಅರಸನಿಗೆ ಬರೆದ 29 ಬೇಡಿಕೆಗಳಲ್ಲಿ ಅರಾಜಕತೆಯ ಸುಳಿವಿಲ್ಲ. ಕೇಸರಿ ಬೆಳೆಯುವವರ ಬೇಲಿಗೆ ತೊಂದರೆಯಾಗಬಾರದೆಂಬ ಮಾತೂ ಅಲ್ಲಿದೆ! ಗೋಮಾಳದಲ್ಲಿ ಜಮೀನ್ದಾರರು ದನಕುರಿ ಬಿಡಬಾರದು, ಜೀತದವರು ಬಿಡುಗಡೆಯಾಗಬೇಕು ಎಂದು ಕೇಳಿದರು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಜಸ್ಟಿಸ್ ಆಫ್ ದ ಪೀಸ್‌ಗಳು ಮುಚ್ಚಿಟ್ಟ ಒಳ್ಳೆಯ ಕಾನೂನುಗಳನ್ನು ಜನರೇ ಆರಿಸಿದವರು ಜಾರಿಗೆ ತರಲಿ.

ಏಕೆಂದರೆ ಸೀಮೆಯ ಆ ನ್ಯಾಯಾಧಿಕಾರಿಗಳು ಬಹುಪಾಲು ಜಮೀನ್ದಾರರೇ. ಗೋಮಾಳಕ್ಕೆ ಬೇಲಿ ಹಾಕಿದ ವರ್ಗದವನೇ ಪೀಠದಲ್ಲಿ ಕೂತು ಅದರ ತಂಟೆ ವಿಚಾರಿಸಬೇಕು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆ ಜನ ಕಾನೂನನ್ನು ಧಿಕ್ಕರಿಸಲಿಲ್ಲ, ಅದನ್ನು ಯಾರ ಕೈಗೆ ಕೊಡಬೇಕೆಂದು ಕೇಳಿದರು.

ಉತ್ತರ ಸೇನೆಯ ಮೂಲಕ ಬಂತು. ಆಗಸ್ಟ್ 27ರಂದು ಅರ್ಲ್ ಆಫ್ ವಾರಿಕ್‌ನ ಪಡೆ ಡಸ್ಸಿಂಡೇಲ್‌ನಲ್ಲಿ ಬಂಡಾಯಗಾರರನ್ನು ಕತ್ತರಿಸಿಹಾಕಿತು. ಡಿಸೆಂಬರ್ 7ರಂದು ಕೆಟ್‌ನನ್ನು ನಾರಿಚ್ ಕೋಟೆಯಲ್ಲಿ ನೇಣಿಗೇರಿಸಿದರು. ಅವನ ಅಣ್ಣ ವಿಲಿಯಂನನ್ನು ತೂಗುಹಾಕಿದ್ದು ವಿಂಡಮ್ ಚರ್ಚಿನ ಗೋಪುರಕ್ಕೆ, ಊರವರು ಹಣ ತೆತ್ತು ಉಳಿಸಿಕೊಂಡ ಅದೇ ಚರ್ಚಿಗೆ.

ಎಳೆಯ ಅರಸನ ಪರವಾಗಿ ಆಳುತ್ತಿದ್ದ ಸಾಮರ್‌ಸೆಟ್ ಜನರ ಬಗ್ಗೆ ಮೆದುವಾಗಿದ್ದನೆಂಬ ದೂರಿಗೆ ಗುರಿಯಾಗಿ ಅಧಿಕಾರ ಕಳೆದುಕೊಂಡ. ಬಂಡಾಯ ಅಡಗಿಸಿದ ವಾರಿಕ್ ಮೇಲೇರಿದ. ಆ ಚಳಿಗಾಲದ ಪಾರ್ಲಿಮೆಂಟು ಗೋಮಾಳಕ್ಕೆ ಬೇಲಿ ಹಾಕಿಕೊಳ್ಳಲು ಜಮೀನ್ದಾರರಿಗಿದ್ದ 1235ರ ಹಳೆಯ ಹಕ್ಕನ್ನು ಮತ್ತೆ ಗಟ್ಟಿಮಾಡಿತು. ಗುಂಪುಗೂಡಿ ಬೇಲಿ ಕೀಳುವುದನ್ನು ಘೋರ ಅಪರಾಧವೆಂದು ಸಾರಿತು. ಆ ಕಾನೂನು ಬರೆದವರಲ್ಲೂ ಹೆಚ್ಚಿನವರಿಗೆ ಜಮೀನಿತ್ತು.