ಅಂಗೈ ಕಪ್ಪಾಗದ ಗರುಗ

ವಜ್ರಳ್ಳಿಯ ಕಡೆಯ ಮನೆಯೊಂದರಲ್ಲಿ ಅಂದು ಶ್ರಾದ್ಧ. ಪಿಂಡಪೂಜೆಗೆ ತುಲಸಿಯೊಡನೆ ಗರುಗದ ಸೊಪ್ಪೂ ಬೇಕಷ್ಟೆ. ಮನೆಯ ಹುಡುಗ ಮಾರ್ಗದ ಬದಿಯಿಂದ ಮುಷ್ಟಿ ತುಂಬ ಕಿತ್ತು ತಂದ. ವೈದಿಕರು ಎಲೆಯೊಂದನ್ನು ಅಂಗೈಯಲ್ಲಿ ಹಿಸುಕಿ, ತುಸು ಹೊತ್ತು ಕಾದು ನೋಡಿ, "ತಮಾ, ಇದು ಗರಗ ಅಲ್ದೋ" ಎಂದರು. ಅಂಗೈ ಹಸಿರಾಗಿಯೇ ಇತ್ತು. ಆ ಮನೆಯ ಗದ್ದೆಗಳೆಲ್ಲ ಅಡಿಕೆಯ ತೋಟವಾಗಿದ್ದವು; ಗದ್ದೆಯಂಚಿನಲ್ಲಿ ತಾನಾಗಿ ಹುಟ್ಟುತ್ತಿದ್ದ ಗರುಗವೂ ಅವುಗಳೊಡನೆಯೇ ಹೊರಟುಹೋಗಿತ್ತು.

ಈ ಬಡಗಿಡಕ್ಕೆ ಹೆಸರುಗಳ ಬಡತನ ಮಾತ್ರ ಎಂದೂ ಇರಲಿಲ್ಲ. ಸಂಸ್ಕೃತದಲ್ಲಿ ಭೃಂಗರಾಜ, ಕೇಶರಾಜ. ಅಮರಕೋಶ ಹೇಳುವ ಇನ್ನೊಂದು ಹೆಸರು ಮಾರ್ಕವ. ಈ ಮಾರ್ಕವವೇ ಸವೆದು ಮರಾಠಿಯ ಮಾಕಾ ಆಯಿತು. ಮಲೆಯಾಳದಲ್ಲಿ ಕಯ್ಯೋನ್ನಿ, ತೆಲುಗಿನಲ್ಲಿ ಗುಂಟಗಲಗರ. ತೆಲುಗಿನ ಗಲಗರಕ್ಕೂ ನಮ್ಮ ಗರಗಕ್ಕೂ ದೂರದ ನಂಟಿದ್ದೀತೆಂದು ನನ್ನ ಕಿವಿ ಹೇಳುತ್ತದೆ; ಅದಕ್ಕೆ ಪ್ರಮಾಣ ಕೇಳಬೇಡಿ. ಕಾಡಿಗೆಗರುಗ ಎಂಬ ಕನ್ನಡದ ಹೆಸರಿನಲ್ಲಾದರೋ ಗಿಡದ ಉಪಯೋಗವೇ ಅಡಗಿದೆ. ಇದರ ರಸದಲ್ಲಿ ಬಟ್ಟೆಯನ್ನು ಅದ್ದಿ ಒಣಗಿಸಿ, ಬತ್ತಿ ಹೊಸೆದು ಉರಿಸಿ, ಆ ಮಸಿಯಿಂದ ಕಣ್ಣಿಗೆ ಕಾಡಿಗೆ ಮಾಡುತ್ತಿದ್ದರು.

ಗಿಡ ಪುಸ್ತಕವನ್ನು ಸೇರಿದ ಕಥೆಯೂ ನಮ್ಮ ಕರಾವಳಿಗೆ ಹೊರತಾದುದಲ್ಲ. ಕೊಚ್ಚಿಯಲ್ಲಿ ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡ್ ಬರೆಸಿದ 'ಹೋರ್ತುಸ್ ಮಲಬಾರಿಕುಸ್' 1678ರಿಂದ 1693ರ ವರೆಗೆ 12 ಸಂಪುಟಗಳಾಗಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಕಯ್ಯೋನ್ನಿಯೂ ಇದೆ. ಗಿಡಗಳನ್ನು ಗುರುತಿಸಿಕೊಟ್ಟವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿಗರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ. ಈ ಮೂವರ ಪ್ರಮಾಣಪತ್ರ ಕೊಂಕಣಿಯಲ್ಲಿ, ನಾಗರಿ ಲಿಪಿಯಲ್ಲಿ, ಮೊದಲ ಸಂಪುಟದಲ್ಲೇ ಇದೆ. ಗಿಡವನ್ನು ಬಲ್ಲವರ ಹೆಸರನ್ನು ಮುಚ್ಚಿಡದ ಆ ಸೌಜನ್ಯ ಮುಂದೆ ಬಂದ ಎಷ್ಟೋ ಗ್ರಂಥಗಳಲ್ಲಿ ಕಾಣದು.

ಆಮೇಲೆ ಸ್ವೀಡನ್ನಿನ ಲಿನೇಯಸ್. 1771ರಲ್ಲಿ ಅವನು ಎಕ್ಲಿಪ್ಟಾ ಎಂಬ ಕುಲವನ್ನು ಕಟ್ಟಿ, ನೆಟ್ಟಗೆ ನಿಂತುದಕ್ಕೆ ಎರೆಕ್ಟಾ ಎಂದೂ ನೆಲ ಹಿಡಿದುದಕ್ಕೆ ಪ್ರೊಸ್ಟ್ರಾಟಾ ಎಂದೂ ಎರಡು ಹೆಸರನ್ನಿಟ್ಟ. ನೀರು ನೆರಳುಗಳಿಗೆ ತಕ್ಕಂತೆ ಒಂದೇ ಗಿಡ ಎದ್ದೂ ನಿಲ್ಲುತ್ತದೆ, ಮಲಗಿಯೂ ಹಬ್ಬುತ್ತದೆ; ಗದ್ದೆಯಂಚಿಗೆ ಬಂದಿದ್ದರೆ ಅವನಿಗೂ ತಿಳಿಯುತ್ತಿತ್ತು! 1848ರಲ್ಲಿ ಹಾಸ್‌ಕಾರ್ಲ್ ಇದನ್ನೇ ಎಕ್ಲಿಪ್ಟಾ ಆಲ್ಬಾ ಎಂದ. ವಿದ್ವಾಂಸರು ಈಗ ಪ್ರೊಸ್ಟ್ರಾಟಾ ಎಂದರೂ ನಮ್ಮ ಆಯುರ್ವೇದದ ಪುಸ್ತಕಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಆಲ್ಬಾ.

ಒಂದು ಗಿಡಕ್ಕೆ ಹತ್ತು ಹೆಸರಿದ್ದರೆ ಕೇಡಿಲ್ಲ. ಒಂದು ಹೆಸರು ಇನ್ನೊಂದು ಗಿಡಕ್ಕೆ ಹೋಗಿ ಕುಳಿತರೆ ಮಾತ್ರ ಕಷ್ಟ. ಹುಡುಗ ತಂದದ್ದು ಟ್ರೈಡ್ಯಾಕ್ಸ್; ಅಮೆರಿಕದ ಉಷ್ಣ ಪ್ರದೇಶದಿಂದ ಬಂದು ನಮ್ಮ ಮಾರ್ಗದ ಬದಿಗಳನ್ನು ಆಳುತ್ತಿರುವ ಗಿಡ. ಗಾಯಕ್ಕೆ ಅದರ ರಸ ಹಿಂಡುವುದುಂಟು. ಅದು ಕೆಟ್ಟ ಗಿಡವಲ್ಲ, ಆದರೆ ಗರುಗವಲ್ಲ. ದಕ್ಷಿಣದಲ್ಲಿ ಭೃಂಗರಾಜವೆಂದು ಅದನ್ನೇ ಬಳಸುವವರಿದ್ದಾರೆ. ಕೂದಲಿನ ಎಣ್ಣೆಗೆಂದು ಕೊಂಡ ಒಣಸೊಪ್ಪಿನಲ್ಲಿ ಯಾವುದಿದೆಯೆಂದು ಹೇಳುವವರು ಯಾರು? ಹಳದಿ ಹೂವಿನ ಪೀತಭೃಂಗರಾಜ ನಮ್ಮದೇ ಬೇರೊಂದು ಗಿಡ. ಅಂಗಳದಲ್ಲಿ ಅಂದಕ್ಕೆ ಹಬ್ಬಿಸುವ, ಎಲೆ ಮೂರಾಗಿ ಸೀಳಿದಂತಿರುವ ಹಳದಿ ಹೂವಿನ ಬಳ್ಳಿಯಾದರೋ ಅಮೆರಿಕದ್ದು.

ಗುರುತು ಸುಲಭ. ಟ್ರೈಡ್ಯಾಕ್ಸಿನ ಹೂವು ಗೇಣುದ್ದದ ಬರಿಯ ತೊಟ್ಟಿನ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ನಡುವೆ ಹಳದಿ, ಬೀಜಕ್ಕೆ ಹಾರುವ ಜುಂಗು. ಗರುಗದ ಹೂವು ಗುಂಡಿಯಷ್ಟು ಚಿಕ್ಕದು, ಬೆಳ್ಳಗಿನದು, ಎಲೆಯ ಬುಡದಲ್ಲಿಯೇ ಇರುವುದು. ಎಲೆಗಳು ಎದುರುಬದುರು, ತೊಟ್ಟಿಲ್ಲದವು, ಮುಟ್ಟಿದರೆ ಒರಟು. ಬೀಜಕ್ಕೆ ಜುಂಗಿಲ್ಲ, ಎಕ್ಲಿಪ್ಟಾ ಎಂಬ ಗ್ರೀಕ್ ಮೂಲದ ಹೆಸರು ಆ ಕೊರತೆಯನ್ನೇ ಸೂಚಿಸುತ್ತದೆ. ಎಲ್ಲಕ್ಕೂ ಮೇಲಾದ ಪರೀಕ್ಷೆ ವೈದಿಕರದು: ಗರುಗದ ರಸ ಗಾಳಿಗೆ ಕಪ್ಪಾಗುತ್ತದೆ.

ಬೆಳೆಸುವುದಕ್ಕೆ ಬಚ್ಚಲ ನೀರು ಹರಿಯುವ ಮೂಲೆ ಸಾಕು. ಕಂದಾದ ಹೂದಲೆಯನ್ನು ತಿಕ್ಕಿ ಬೀಜವನ್ನು ಒದ್ದೆಮಣ್ಣಿನ ಮೇಲೆ ಚೆಲ್ಲಬೇಕು, ಮುಚ್ಚಬಾರದು. ಬೆಳಕು ತಾಗದೆ ಅದು ಮೊಳೆಯದು. ಅವಸರವಿದ್ದವರು ನೆಲ ತಾಗಿದ ಗೆಣ್ಣಿನಲ್ಲಿ ಬೇರು ಬಿಟ್ಟ ತುಂಡನ್ನೇ ನೆಡಬಹುದು. ಆ ಹುಡುಗ ಹಾಗೆಯೇ ಮಾಡಿದ. ಹಳ್ಳದ ಆಚೆ ಇನ್ನೂ ಭತ್ತ ಬೆಳೆಯುತ್ತಿದ್ದವರ ಗದ್ದೆಯಿಂದ ಎರಡು ತುಂಡು ತಂದು ನೆಟ್ಟ. ಮರುವರ್ಷದ ಶ್ರಾದ್ಧಕ್ಕೆ ಮನೆಯ ಗರುಗವೇ ಬಂದಿತು. ವೈದಿಕರು ಆಗಲೂ ಒಂದು ಎಲೆಯನ್ನು ಹಿಸುಕಿ ನೋಡಿಯೇ ಕುಳಿತರು.