ಬಿಡಿಕಥೆಗಳಿಗೊಂದು ಊರು

ಮಾಲೂರು ಸೀಮೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಪ್ರಕಟಿಸಿದಾಗ, ಬಿಡಿಕಥೆಗಳನ್ನು ಹಿಡಿದಿಡಲು ಪುಸ್ತಕದ ರಟ್ಟೇ ಸಾಕಾಗಿತ್ತು. ದೂರದರ್ಶನದಲ್ಲಿ ಅದು ಸಾಲದು. ವಾರವಾರವೂ ಕಥೆ, ಪಾತ್ರಗಳು ಬದಲಾದರೂ ನೋಡುವವರು ಮರಳಿ ಬರಬೇಕು; ಅದಕ್ಕೊಂದು ದಾರ ಬೇಕು.

ಅಮೆರಿಕದ ರಾಡ್ ಸರ್ಲಿಂಗರು ವೈಜ್ಞಾನಿಕ ಕಲ್ಪನೆಯನ್ನೇ ದಾರವಾಗಿಸಿಕೊಂಡರು. ಕರಿಯ ಬಾಲಕನೊಬ್ಬನ ಕೊಲೆಯಿಂದ ಮನನೊಂದು ಅವರು ಬರೆದ ನಾಟಕವನ್ನು 1956ರಲ್ಲಿ ಜಾಹೀರಾತುದಾರರಿಗೆ ಅಂಜಿ ಗುರುತು ಸಿಗದಂತೆ ತಿದ್ದಲಾಗಿತ್ತು. ಅದೇ ಮಾತನ್ನು ಅನ್ಯಗ್ರಹದವರ ಬಾಯಲ್ಲಿ ಆಡಿಸಿದರೆ ಯಾರೂ ತಡೆಯರೆಂಬುದನ್ನು ಅವರು ಕಂಡುಕೊಂಡರು. 1959ರಿಂದ 1964ರವರೆಗೆ ನಡೆದ ‘ಟ್ವಿಲೈಟ್ ಜೋನ್’ ಮಾಲೆಯ 156 ಕಂತುಗಳಲ್ಲಿ 92 ಅವರ ಬರಹವೇ.

ನಮ್ಮ ಶಂಕರನಾಗ್ ಅವರಿಗೆ ದಾರವಾಗಿ ದೊರೆತದ್ದು ಒಂದು ಊರು. 1965ರ ‘ಗೈಡ್’ ಚಿತ್ರ ತಮ್ಮ ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಕೊಂಡೊಯ್ದುದಕ್ಕೆ ಆರ್. ಕೆ. ನಾರಾಯಣರು ನೊಂದಿದ್ದರು. ಭೂಪಟದಲ್ಲಿಲ್ಲದ ಆ ಊರನ್ನು ಶಂಕರನಾಗ್ ಆಗುಂಬೆಯಲ್ಲಿ ನೆಲೆಗೊಳಿಸಿದರು. ಟಿ. ಎಸ್. ನರಸಿಂಹನ್ ನಿರ್ಮಾಪಕರಾದರು; ಜಾನ್ ದೇವರಾಜ್ ಬೀದಿಗಳಿಗೆ ರೂಪ ಕೊಟ್ಟರು; ಎಲ್. ವೈದ್ಯನಾಥನ್ ರಾಗ ಕಟ್ಟಿದರು. ಲೇಖಕರ ತಮ್ಮ ಲಕ್ಷ್ಮಣ್ ರೇಖೆಗಳನ್ನು ಎಳೆದರು. ಮಂಜುನಾಥ್ ಸ್ವಾಮಿಯಾದ, ಗಿರೀಶ ಕಾರ್ನಾಡರು ಅವನ ತಂದೆಯಾದರು.

ಆದರೂ ಕನ್ನಡದ ಕೈಗಳು ಕಟ್ಟಿದ ಆ ಊರು ಮೊದಲಿಗೆ ಮಾತನಾಡಿದ್ದು ಹಿಂದಿ, ಇಂಗ್ಲಿಷುಗಳಲ್ಲಿ. ದೇಶಕ್ಕೆಲ್ಲ ಮುಟ್ಟಲು ತೆತ್ತ ಬೆಲೆ ಅದು. ಆದರೆ ಮನೆಯ ಜಗಲಿ, ಮಳೆಯ ಹಂಚು, ಶಾಲೆಯ ಗಂಟೆ ಮಾತ್ರ ಭಾಷಾಂತರವಾಗಲಿಲ್ಲ. ಕಥೆಯನ್ನು ಉಳಿಸಲು ಸರ್ಲಿಂಗರು ಅದನ್ನು ಬೇರೆ ಲೋಕಕ್ಕೆ ಕಳುಹಿಸಿದರು. ಶಂಕರನಾಗ್ ಅದನ್ನು ಮನೆಗೆ ಕರೆತಂದರು.